ತವರಿನ ಚರಿಗೆ ಮತ್ತು ತೊಗರಿ ಎಲೆಯ ಬೆಳಕು

ಭಾಗೀರಥಿಬಾಯಿಯ ಸೊಸೆ ಏನು ಓದುತ್ತಾಳೆಂದು ಉದಗೀರದ ಆ ಓಣಿಯಲ್ಲಿ ಕೇಳಿದರೆ ಒಬ್ಬೊಬ್ಬರು ಒಂದೊಂದು ಹೇಳುತ್ತಿದ್ದರು. ಎದುರು ಮನೆಯ ಪ್ರಯಾಗಬಾಯಿಯ ಪ್ರಕಾರ ಅವಳು ತೊಗರಿ ಎಲೆಯಿಂದ ಸಕ್ಕರೆ ಕಾಯಿಲೆಗೆ ಔಷಧ ಮಾಡುತ್ತಿದ್ದಳು. ಅಂಗಡಿಯ ಹಮಾಲರ ಪ್ರಕಾರ ಕರೆಂಟು ಮಾಡುತ್ತಿದ್ದಳು. ಭಾಗೀರಥಿಬಾಯಿಯ ಗಂಡ ಮಹಾದೇವಪ್ಪ ಕಿರಾಣಿಯ ಸಗಟು ವ್ಯಾಪಾರಿ, ಜಗತ್ತನ್ನೆಲ್ಲ ತಕ್ಕಡಿಯಲ್ಲಿಟ್ಟು ನೋಡುವ ಮನುಷ್ಯ. "ಚೀಲಗಟ್ಟಲೆ ಎಲಿ ಒಳಗ ಹೋಗ್ತದ, ಚಮಚಾದಷ್ಟು ನೀರು ಹೊರಗ ಬರ್ತದ. ಇಂಥಾ ಧಂದಾ ನಾ ಎಲ್ಲೂ ನೋಡಿಲ್ಲ" ಎಂದು ನಗುತ್ತಿದ್ದ.

ಭಾಗೀರಥಿಬಾಯಿಗೆ ಮಾತ್ರ ಸರಿಯಾಗಿ ಗೊತ್ತಿತ್ತು. ಸೊಸೆ ಸ್ನೇಹಲಳನ್ನು ಅಡುಗೆಮನೆಯಲ್ಲಿ ಕೂಡಿಸಿಕೊಂಡು, ರೊಟ್ಟಿ ಬಡಿಯುತ್ತ, ತಿರುತಿರುಗಿ ಕೇಳಿ ತಿಳಿದುಕೊಂಡಿದ್ದಳು. ಸ್ನೇಹಲಳ ತವರು ಉಮರ್ಗಾ. ಅವರ ಹೊಲ ಯೆಣೆಗೂರದಲ್ಲಿ. ಅಲ್ಲಿಂದ ಅವಳ ಅಣ್ಣ ತೊಗರಿ ಎಲೆ ತುಂಬಿದ ಚೀಲವನ್ನು ಎಸ್‌ಟಿ ಬಸ್ಸಿಗೆ ಹಾಕಿ ಕಳಿಸುತ್ತಿದ್ದ. ಆ ಎಲೆಯನ್ನು ತೊಳೆದು, ನೆರಳಲ್ಲಿ ಒಣಗಿಸಿ, ಪುಡಿ ಮಾಡಿ, ನೀರು ಬೆರೆಸಿ, ಉಕ್ಕಿನ ಗಟ್ಟಿ ಡಬ್ಬಿಯಲ್ಲಿ ಬಿಗಿದು ಕಾಲೇಜಿನ ಒಲೆಯೊಳಗೆ ಇಡುತ್ತಾರೆ. ಕುಕ್ಕರಿಗಿಂತ ಎಷ್ಟೋ ಪಾಲು ಹೆಚ್ಚು ಕಾವು. ಎಲೆ ಬೆಂದು ಕರಕಾಗಿ, ಕಣ್ಣಿಗೂ ಸೂಕ್ಷ್ಮದರ್ಶಕಕ್ಕೂ ಸಿಗದಷ್ಟು ಸಣ್ಣ ಇದ್ದಿಲ ಕಣಗಳಾಗುತ್ತವೆ. ಸೋಸಿದರೆ ಉಳಿಯುವುದು ತೆಳ್ಳಗಿನ ಚಹಾದಂಥ ನೀರು. ಬಿಸಿಲಲ್ಲಿ ನೋಡಿದರೆ ಏನೂ ಇಲ್ಲ. ಕತ್ತಲಲ್ಲಿಟ್ಟು ನೇರಳೆ ಬೆಳಕು ಬೀರುವ ಒಂದು ಬ್ಯಾಟರಿ ಹಚ್ಚಿದರೆ ಆ ನೀರು ನೀಲಿಯಾಗಿ ಹೊಳೆಯುತ್ತದೆ. ಅದರೊಳಗೆ ಸೀಸ ಬಿತ್ತೆಂದರೆ ಹೊಳಪು ಆರುತ್ತದೆ. ಕುಡಿಯುವ ನೀರಿನಲ್ಲಿ ಸೀಸ ಇದೆಯೋ ಇಲ್ಲವೋ ಎಂದು ಹೀಗೆ ಹಿಡಿಯಬಹುದು. ಇನ್ನೊಂದು ಕೆಲಸವೂ ಇತ್ತು. ಅದೇ ನೀರನ್ನು ಪುಣೆಯ ಒಂದು ಪ್ರಯೋಗಾಲಯಕ್ಕೆ ಕಳಿಸಿದ್ದರು. ಅಲ್ಲಿ ಅದನ್ನು ಮನುಷ್ಯರ ಜೀವಕೋಶಗಳೊಳಗೆ ಬಿಟ್ಟು, ಅವು ಬೆಳಗುತ್ತವೋ ಸಾಯುತ್ತವೋ ನೋಡುವವರಿದ್ದರು.

ಇಷ್ಟೆಲ್ಲ ತಿಳಿದೂ ಭಾಗೀರಥಿಬಾಯಿ ಅದನ್ನು "ನಮ್ಮ ಸ್ನೇಹಲನ ಕಷಾಯ" ಎಂದೇ ಕರೆಯುತ್ತಿದ್ದಳು.

ಸೊಸೆಯ ಓದಿನ ಮೇಲೆ ಆಕೆಗೆ ಅಷ್ಟು ಜೀವ ಯಾಕೆಂದು ಆಕೆ ಯಾರ ಮುಂದೂ ಹೇಳಿಕೊಂಡವಳಲ್ಲ. ನಾವು ಹೇಳಬಹುದು. ಆಕೆಯ ತವರು ಸಾಸ್ತೂರ. ಲಾತೂರಿನ ಸೀಮೆಯಲ್ಲಿ ಭೂಕಂಪವಾದ ವರ್ಷ ಆಕೆ ಹತ್ತನೆಯ ಇಯತ್ತೆಯಲ್ಲಿದ್ದಳು, ವರ್ಗದಲ್ಲಿ ಮೊದಲಿಗಳು. ಗಣಪತಿ ಕಳಿಸುವುದನ್ನು ನೋಡಿ ಬಾ ಎಂದು ಅವ್ವ ಅವಳನ್ನು ನಿಲಂಗದ ಸೋದರಮಾವನ ಮನೆಗೆ ಕಳಿಸಿದಳು. ಬೆಳಗಾಗುವುದರಲ್ಲಿ ಊರೂ ಇರಲಿಲ್ಲ, ಅವ್ವನೂ ಇರಲಿಲ್ಲ. ಕಲ್ಲುಮಣ್ಣಿನ ರಾಶಿಯಿಂದ ಸೋದರಮಾವನ ಕೈಗೆ ಸಿಕ್ಕದ್ದು ಅವ್ವನ ಹಿತ್ತಾಳೆ ಚರಿಗೆಯೊಂದೇ, ಅದೂ ಹೊಟ್ಟೆ ಸೀಳಿದ್ದು. ಜನ ತಗಡಿನ ಶೆಡ್ಡುಗಳಲ್ಲಿದ್ದಾಗ ಪಾತ್ರೆ ಬೆಸೆಯುವ ಮುದುಕನೊಬ್ಬ ಎಲ್ಲಿಂದಲೋ ಬಂದು, ಕೈಗೆ ಸಿಕ್ಕ ಲೋಹವನ್ನು ಕರಗಿಸಿ, ಒಡೆದ ಪಾತ್ರೆಗಳನ್ನೆಲ್ಲ ಬೆಸೆದುಕೊಟ್ಟ. ಒಬ್ಬರಿಂದಲೂ ಒಂದು ಪೈಸೆ ಮುಟ್ಟಲಿಲ್ಲ. "ಸತ್ತವರ ಸಾಮಾನು, ಇದಕ್ಕ ಮಜೂರಿ ಬ್ಯಾಡ" ಎಂದನಂತೆ. ಆಮೇಲೆ ಭಾಗೀರಥಿಯ ಶಾಲೆ ನಿಂತಿತು, ಮದುವೆ ನಡೆಯಿತು, ಆ ಚರಿಗೆಯೊಂದನ್ನೇ ಹಿಡಿದು ಉದಗೀರಕ್ಕೆ ಬಂದಳು. ಆ ದಿನದಿಂದ ಅದು ಅಟ್ಟದ ಮೇಲೆ ಬಟ್ಟೆ ಸುತ್ತಿಕೊಂಡು ಕೂತಿತ್ತು.

ಅದು ಅಟ್ಟದಿಂದ ಇಳಿದದ್ದು ಸ್ನೇಹಲಳಿಗಾಗಿ. ಪಿಎಚ್‌ಡಿಯ ಕೊನೆಯ ಘಟ್ಟದಲ್ಲಿ ಅವಳ ಕೆಲಸ ಸಿಕ್ಕಿಬಿದ್ದಿತ್ತು. "ನೀವು ನೀವೇ ಸೀಸ ಬೆರೆಸಿದ ನೀರಿನಾಗ ಬೆಳಕು ಆರ್ತದ, ಅದು ಖರೆ. ಜನ ತಿನ್ನೋ ಕುಡಿಯೋ ಪದಾರ್ಥದಾಗ ಹಿಡದು ತೋರಸ್ರಿ" ಎಂದು ಅವಳ ಮಾರ್ಗದರ್ಶಕ ವೀರಭದ್ರ ಸರ್ ಪಟ್ಟು ಹಿಡಿದಿದ್ದರು. ಅವಳು ನಿಲಂಗ, ಉಮರ್ಗಾ, ಉದಗೀರ ಸುತ್ತಿ ಬಾವಿ, ಬೋರು, ನಳ ಎಲ್ಲದರ ನೀರು ತಂದಳು. ಎಲ್ಲವೂ ಚೊಕ್ಕ. ಊರಿನ ಪುಣ್ಯಕ್ಕೆ ನೀರು ಚೊಕ್ಕ, ಅವಳ ಕರ್ಮಕ್ಕೂ ಚೊಕ್ಕ. ಶಿವರಾತ್ರಿಯ ದಿನ ಸೊಸೆ ಕಣ್ಣೊರೆಸಿಕೊಂಡದ್ದನ್ನು ನೋಡಿದ ಭಾಗೀರಥಿಬಾಯಿ ಅಂಗೈಯಲ್ಲಿ ಲಿಂಗವಿಟ್ಟುಕೊಂಡು ಹರಕೆ ಹೊತ್ತಳು: "ಈಕಿ ಡಾಕ್ಟರ್ ಆಗೋತನಕ ಸಂಜಿ ಊಟ ಬಿಟ್ಟೀನಪ್ಪಾ. ಅವ್ವನ ಚರಿಗಿಯಾಗಿನ ಮಜ್ಜಿಗಿ ಒಂದೇ ತಗೋತೀನಿ." ತಾನು ಓದಲಾರದ್ದನ್ನು ಇನ್ನೊಬ್ಬಳು ಓದುವಾಗ ಅವ್ವನೂ ಅದರಲ್ಲಿ ಇರಲಿ ಎಂಬುದು ಆಕೆಯ ಮನಸ್ಸು. ಹರಕೆ ಬಾಯಿಬಿಟ್ಟರೆ ಫಲ ಹೋಗುತ್ತದೆಂದು ಯಾರಿಗೂ ಹೇಳಲಿಲ್ಲ. ಕೇಳಿದವರಿಗೆ "ಮೈ ಇಳಸ್ಲಿಕತ್ತೀನಿ" ಎಂದಳು.

ಚರಿಗೆಯ ಒಳಮೈಗೆ ತವರದ ಕಲಾಯಿ ಹಾಕಿಸಿದಳು. ದಿನಾ ಬೆಳಿಗ್ಗೆ ಹುಣಸೆಹಣ್ಣು, ಬೂದಿ ಹಚ್ಚಿ ಒಳಗೂ ಹೊರಗೂ ತಿಕ್ಕಿದಳು. ಅವ್ವನ ಚರಿಗೆ ಅಂದಮೇಲೆ ಕನ್ನಡಿಯಂತಿರಬೇಡವೇ? ಆ ತಿಕ್ಕಿಗೆ ಕಲಾಯಿ ಎಷ್ಟು ದಿನ ನಿಂತೀತು ಎಂದು ಆಕೆಗೆ ಹೊಳೆಯಲಿಲ್ಲ. ಮುಂಜಾನೆ ಹಾಕಿಟ್ಟ ಮಜ್ಜಿಗೆ ಸಂಜೆಗೆ ಹುಳಿ ಬಂದಿರುತ್ತಿತ್ತು. ಆಕೆಗೆ ಹುಳಿಯೇ ಇಷ್ಟ.

ಬೇಸಿಗೆ ಕಳೆದು ಮಳೆ ಬರುವ ಹೊತ್ತಿಗೆ ಆಕೆಯ ಹೊಟ್ಟೆಯಲ್ಲಿ ಯಾರೋ ಹಗ್ಗ ಹೊಸೆದಂತೆ ನೋವು ಶುರುವಾಯಿತು. ಬಾಯಿ ಸಪ್ಪೆ, ಮುಖ ಬಿಳಿಚಿಕೊಂಡಿತು, ಮೆಟ್ಟಿಲು ಹತ್ತಿದರೆ ಏದುಸಿರು. ರೊಟ್ಟಿ ಬಡಿಯುವ ಕೈ ನಡುವೆಯೇ ಸೋತು ಬೀಳುತ್ತಿತ್ತು. ಯಾರು ಮಾತಾಡಿದರೂ ಸಿಟ್ಟು. ಮಹಾದೇವಪ್ಪನಂತೂ ಅಂಗಡಿಯಿಂದ ಬರುವಾಗ ಓಣಿಯ ತುದಿಯಲ್ಲೇ ಗಂಟಲು ಸರಿಮಾಡಿಕೊಂಡು, ಮನೆಯ ಹವೆ ನೋಡಿ ಒಳಗೆ ಬರುವುದನ್ನು ಕಲಿತ. ದವಾಖಾನೆಯಲ್ಲಿ ಪಿತ್ತ ಎಂದರು, ರಕ್ತ ಕಡಿಮೆ ಎಂದರು, ಗುಳಿಗೆ ಕೊಟ್ಟರು. ಒಬ್ಬ ಡಾಕ್ಟರು "ಹೊಟ್ಟೆ ತಂಪಿರಲಿ, ಮಜ್ಜಿಗೆ ಚೆನ್ನಾಗಿ ಕುಡೀರಿ" ಎಂದು ಬರೆದೇ ಕೊಟ್ಟರು. ಭಾಗೀರಥಿಬಾಯಿಗೆ ಬಹಳ ಸಂತೋಷವಾಯಿತು. ದೇವರು, ಡಾಕ್ಟರು ಇಬ್ಬರೂ ಒಂದೇ ಮಾತು ಹೇಳಿದ ಮೇಲೆ ಕೇಳುವುದೇನು? ಚರಿಗೆಯನ್ನು ಇನ್ನಷ್ಟು ತುಂಬಿಸಿಟ್ಟಳು.

ದೀಪಾವಳಿಯ ಹೊತ್ತಿಗೆ ಆಕೆ ಅರ್ಧ ಆಗಿದ್ದಳು. ಮಗ ಶೈಲೇಶ ಲಾತೂರಿಗೆ ಕರೆದೊಯ್ದು ಹೊಟ್ಟೆಯ ಫೋಟೋ ತೆಗೆಸಿಕೊಂಡು ಬಂದ. ಏನೂ ಸಿಗಲಿಲ್ಲ. ಏನೂ ಸಿಗದಿರುವುದೇ ಮನೆಯವರಿಗೆ ಹೆದರಿಕೆ. ಸ್ನೇಹಲ ಓದು ಬಿಟ್ಟು ಮನೆಯಲ್ಲೇ ಇರುತ್ತೇನೆ ಎಂದಾಗ ಮಾತ್ರ ಅತ್ತೆಗೆ ಎಲ್ಲಿಲ್ಲದ ಕಸುವು ಬಂತು.

"ಓದು ಬಿಟ್ಟಿ ಅಂದ್ರ ನನ್ನ ಹೆಣದ ಮ್ಯಾಲ ಬಿಡು" ಎಂದಳು.

"ಹಂಗೆಲ್ಲ ಅನಬ್ಯಾಡ್ರಿ, ಅತ್ತಿ."

"ಹಂಗಾರ ನಾಳಿ ಕಾಲೇಜಿಗಿ ಹೋಗು. ಇನ್ನೊಂದು ಹೇಳ್ತೀನಿ ಕೇಳು. ಇಷ್ಟು ವರ್ಷ ಆಯ್ತು, ನಿನ್ನ ಕಷಾಯ ಹೊಳೀತದ ಅಂತ ಕೇಳೀನಿ, ಕಣ್ಣಲೆ ನೋಡಿಲ್ಲ. ನನಗೊಮ್ಮಿ ತೋರಸು. ಯಾವಾಗ ಏನಾಗ್ತದೋ ಯಾರಿಗಿ ಗೊತ್ತು?"

ಮುಂದಿನ ಭಾನುವಾರ ಮಧ್ಯಾಹ್ನ ಸ್ನೇಹಲ ಸಣ್ಣ ಬಾಟಲಿ, ಗಾಜಿನ ಕೊಳವೆಗಳು, ಬ್ಯಾಟರಿ ಎಲ್ಲ ಮನೆಗೆ ತಂದಳು. ಕತ್ತಲೆ ಬೇಕಲ್ಲ, ಬೇಳೆ ಚೀಲಗಳ ಕೋಣೆಯ ಬಾಗಿಲು ಹಾಕಿಕೊಂಡು ಅತ್ತೆ ಸೊಸೆ ಇಬ್ಬರೂ ಚೀಲಗಳ ಮೇಲೆ ಕೂತರು. ಕೊಳವೆಯಲ್ಲಿ ನಳದ ನೀರು ಹಾಕಿ, ಬಾಟಲಿಯಿಂದ ಹನಿ ಬಿಟ್ಟು, ಸ್ನೇಹಲ ಬ್ಯಾಟರಿ ಹಚ್ಚಿದಳು.

ಭಾಗೀರಥಿಬಾಯಿ ಬಾಯಿಗೆ ಸೆರಗು ಹಿಡಿದುಕೊಂಡಳು. ಅಂಥ ನೀಲಿಯನ್ನು ಆಕೆ ಒಲೆಯ ಉರಿಯ ಬುಡದಲ್ಲಷ್ಟೇ ನೋಡಿದ್ದಳು. ದನ ತಿನ್ನುವ ತೊಗರಿ ಸೊಪ್ಪಿನೊಳಗೆ ಇದು ಅಡಗಿ ಕೂತಿತ್ತಲ್ಲ, ಹುಡುಗಿ ಹುಡುಕಿ ತೆಗೆದಳಲ್ಲ ಎಂದು ಆಕೆಯ ಎದೆ ತುಂಬಿ ಬಂತು. "ಚೊಲೋ ಮಾಡೀದಿ, ನನ ಮಗಳ" ಎಂದಳು. ಬೋರಿನ ನೀರು ಹಾಕಿಸಿದಳು, ಅದೂ ಹೊಳೆಯಿತು. ದೇವರ ಮುಂದಿನ ತಂಬಿಗೆಯ ನೀರು ಹಾಕಿಸಿದಳು, ಅದೂ ಹೊಳೆಯಿತು. ಆಗ ಆಕೆಗೆ ಒಂದು ಆಸೆಯಾಯಿತು. ಅವ್ವನ ಚರಿಗೆಯ ಮಜ್ಜಿಗೆಯೂ ಹೀಗೆ ಹೊಳೆದರೆ ಎಷ್ಟು ಚೆಂದ! ಅಡುಗೆಮನೆಗೆ ಹೋಗಿ, ಮಜ್ಜಿಗೆಯ ಮೇಲೆ ನಿಂತ ತಿಳಿಯನ್ನು ಬಟ್ಟಲಲ್ಲಿ ಬಸಿದು ತಂದಳು.

"ಇದಕ್ಕ ಹಾಕು. ನಮ್ಮ ಮನ್ಯಾಗ ಇದರಕಿನ್ನಾ ಚೊಕ್ಕ ವಸ್ತು ಇಲ್ಲ."

ಸ್ನೇಹಲ ನಗುತ್ತ ಹನಿ ಬಿಟ್ಟಳು. ಬ್ಯಾಟರಿ ಹಚ್ಚಿದಳು. ಕೊಳವೆ ಕಪ್ಪಗೇ ಇತ್ತು. ಇನ್ನೊಂದು ಹನಿ ಬಿಟ್ಟಳು. ಕಪ್ಪಗೇ ಇತ್ತು.

"ನೋಡಿದ್ಯಾ, ನನ್ನ ಅವ್ವನ ಚರಿಗಿ ಮುಂದ ನಿನ್ನ ಬೆಳಕು ನಾಚಿಕೊಂತು" ಎಂದು ಭಾಗೀರಥಿಬಾಯಿ ನಕ್ಕಳು.

ಸ್ನೇಹಲ ನಗಲಿಲ್ಲ. "ಮಜ್ಜಿಗಿ ಹುಳಿಗಿ ಹಿಂಗ ಆಗಿರಬಹುದು" ಎಂದು ತನಗೆ ತಾನೇ ಹೇಳಿಕೊಂಡು, ಸ್ಟೀಲಿನ ಪಾತ್ರೆಯಲ್ಲಿದ್ದ ಮನೆಮಂದಿಯ ಮಜ್ಜಿಗೆಯ ತಿಳಿ ತಂದಳು. ಅದಕ್ಕೆ ಹನಿ ಬಿಟ್ಟರೆ ಕೊಂಚ ಮಂಕಾಗಿ, ಆದರೂ ನೀಲಿಯಾಗಿಯೇ ಹೊಳೆಯಿತು. ಮಜ್ಜಿಗೆ ಒಂದೇ, ಹಾಲು ಒಂದೇ, ಪಾತ್ರೆ ಮಾತ್ರ ಬೇರೆ. ಅವಳು ಬಾಗಿಲು ತೆರೆದು ಚರಿಗೆಯನ್ನು ಬಿಸಿಲಿಗೆ ಹಿಡಿದು ಒಳಗೆ ನೋಡಿದಳು. ಕಲಾಯಿ ಹೋಗಿತ್ತು. ಹೊಟ್ಟೆಯ ಸೀಳಿನುದ್ದಕ್ಕೂ ಆ ಮುದುಕ ಹಾಕಿದ್ದ ದಪ್ಪ ಬೆಸುಗೆ ಬೂದುಬಣ್ಣವಾಗಿ, ಹುಳಿ ತಿಂದು ಗುಳಿಗುಳಿಯಾಗಿ ಸವೆದಿತ್ತು.

"ಅತ್ತಿ, ಇದರಾಗಿನ ಮಜ್ಜಿಗಿ ಯಾರು ಕುಡೀತಾರ?"

"ನಾನೇ."

"ಎಷ್ಟು ದಿವ್ಸದಿಂದ?"

ಭಾಗೀರಥಿಬಾಯಿ ಸೊಸೆಯ ಕೈಯಿಂದ ಚರಿಗೆಯನ್ನು ತೆಗೆದುಕೊಂಡಳು. ಸೊಸೆಯ ಮುಖ ನೋಡಿ ಮೊದಲ ಸಲ ಆಕೆಗೂ ಅಳುಕಾಯಿತು.

ಸ್ನೇಹಲ ಮರುದಿನ ಮಜ್ಜಿಗೆಯನ್ನು ಕಾಲೇಜಿಗೆ ಒಯ್ದಳು. ಹಿತ್ತಾಳೆಯಿಂದ ತಾಮ್ರ ಬಿಟ್ಟಿದ್ದರೂ ಬೆಳಕು ಕುಂದಬಹುದು ಎಂಬ ಸಂಶಯವಿತ್ತು. ತಾಮ್ರವನ್ನಷ್ಟೇ ಹಿಡಿದಿಡುವ ಇನ್ನೊಂದು ದ್ರವ ಬೆರೆಸಿ ನೋಡಿದಳು. ಆಗಲೂ ಬೆಳಕು ಬರಲಿಲ್ಲ, ಅಂದರೆ ಅದನ್ನು ಆರಿಸಿದ್ದು ಸೀಸವೇ. ವೀರಭದ್ರ ಸರ್ ತಾವೇ ಕೂತು ಮತ್ತೆ ಮಾಡಿ ನೋಡಿದರು, ಆಮೇಲೆ ಲಾತೂರಿನ ಡಾಕ್ಟರಿಗೆ ಫೋನ್ ಹಚ್ಚಿ ರಕ್ತದಲ್ಲಿ ಸೀಸ ಪರೀಕ್ಷೆ ಮಾಡಿಸಲು ಹೇಳಿದರು. ರಕ್ತ ದೂರದ ಪ್ರಯೋಗಾಲಯಕ್ಕೆ ಹೋಯಿತು. ವರದಿ ಬರುವವರೆಗೆ ಚರಿಗೆ ಮುಟ್ಟಬಾರದೆಂದು ಸ್ನೇಹಲ ಕೈಮುಗಿದು ಹೇಳಿದಳು. ಅತ್ತೆ ಹೂಂ ಎಂದಳು.

ಹೂಂ ಎಂದವಳು ಸಂಜೆ ಏನು ಮಾಡಿದಳು? ಹರಕೆ ಹೊತ್ತವಳಿಗೆ ಹಟ ದೊಡ್ಡದು. ಸ್ನೇಹಲ ಅಂಗಳಕ್ಕೆ ಹೋದದ್ದನ್ನು ನೋಡಿಕೊಂಡು, ಚರಿಗೆಯಿಂದ ಲೋಟಕ್ಕೆ ಬಗ್ಗಿಸಿದಳು. ಅಷ್ಟರಲ್ಲಿ ಸೊಸೆ ಬಾಗಿಲಲ್ಲಿ ನಿಂತಿದ್ದಳು.

"ಅತ್ತಿ, ಅದರಾಗ ಸೀಸ ಅದ. ನಿಮ್ಮ ಹೊಟ್ಟಿನೋವು, ಕೈ ಸೋಲೋದು, ಎಲ್ಲಾ ಅದರದೇ ಅಂತ ನನಗ ಅನಸ್ತದ. ಯಾಕ ಕುಡೀತೀರಿ?"

ಇನ್ನು ಮುಚ್ಚಿಟ್ಟು ಫಲವಿರಲಿಲ್ಲ. ಭಾಗೀರಥಿಬಾಯಿ ಲೋಟ ಹಿಡಿದುಕೊಂಡೇ ಹರಕೆಯ ಮಾತು ಹೇಳಿದಳು. "ನಿನ್ನ ಸಲುವಾಗಿ ಹೊತ್ತೀನವ್ವಾ. ನಡುವ ಮುರದ್ರ ಅದು ನಿನಗ ತಟ್ತದ. ನನಗೇನಾಗೋದದ? ಅವ್ವ ಕೊಟ್ಟದ್ದರಾಗ ವಿಷ ಇರ್ತದೇನು?"

ಸ್ನೇಹಲಳ ಕಣ್ಣಲ್ಲಿ ನೀರು ಬಂತು, ಆದರೆ ಅವಳು ಅಳುತ್ತ ಕೂರಲಿಲ್ಲ. ಸೀದಾ ಬಂದು ಇನ್ನೊಂದು ಲೋಟ ತೆಗೆದುಕೊಂಡು, ಚರಿಗೆಯಿಂದ ತುಂಬಿಸಿಕೊಂಡಳು.

"ಹರಕಿ ನನ್ನ ಸಲುವಾಗಿ ಅಂದಮ್ಯಾಲ ನಂದೂ ಪಾಲು ಅದ. ನೀವು ಒಂದು ಲೋಟ ಕುಡದ್ರ ನಾ ಒಂದು ಲೋಟ ಕುಡೀತೀನಿ. ನಾಳಿಗೂ ಹಂಗೇ. ನೀವಿಲ್ದ ಆ ಡಾಕ್ಟರಕಿ ನನಗ್ಯಾಕ ಬೇಕು?" ಎಂದವಳೇ ಲೋಟವನ್ನು ತುಟಿಗೆ ತಂದಳು.

ಭಾಗೀರಥಿಬಾಯಿಯ ಸೋತ ಕೈಗೆ ಆ ಕ್ಷಣ ಎಲ್ಲಿಂದ ಬಲ ಬಂತೋ, ಸೊಸೆಯ ಕೈಗೆ ಹೊಡೆದ ಏಟಿಗೆ ಲೋಟ ಹಾರಿ ಒಲೆಯ ಹತ್ತಿರ ಬಿತ್ತು. ಮಜ್ಜಿಗೆ ನೆಲವೆಲ್ಲ ಹರಿಯಿತು. ಆಕೆ ಸೊಸೆಯ ಬಾಯಿಯನ್ನು ತನ್ನ ಸೆರಗಿನಿಂದ ಒರೆಸಿ ಒರೆಸಿ, "ಹೊಟ್ಟ್ಯಾಗ ಹೋಯ್ತೇನ? ಉಗಳು, ಉಗಳು" ಎಂದು ಹೌಹಾರಿದಳು. ಹೋಗಿರಲಿಲ್ಲ. ಹಾಗೆ ಒರೆಸುವಾಗಲೇ ಆಕೆಗೆ ತಿಳಿಯಿತು, ತಾನು ಆ ಮಜ್ಜಿಗೆಯಲ್ಲಿ ವಿಷವಿದೆಯೆಂದು ಆಗಲೇ ನಂಬಿದ್ದೇನೆ ಎಂದು. ಸೊಸೆಯ ಬಾಯಿಗೆ ಬೇಡವಾದದ್ದು ತನ್ನ ಬಾಯಿಗೆ ಹೇಗೆ ಹರಕೆಯಾದೀತು? ಇಬ್ಬರೂ ಒದ್ದೆ ನೆಲದ ಮೇಲೆ ಕೂತು ಅತ್ತರು.

ಗದ್ದಲ ಕೇಳಿ ಬಂದ ಮಹಾದೇವಪ್ಪನಿಗೆ ಎಲ್ಲ ಹೇಳಬೇಕಾಯಿತು. ಹೆಂಡತಿಯನ್ನು ಬೈಯುತ್ತಾನೆಂದುಕೊಂಡರೆ ಆತ ಗೋಡೆಗೆ ಒರಗಿ ಕೂತ. ಹರಕೆ ಮುರಿದ ಪಾಪದ ಮಾತನ್ನು ಭಾಗೀರಥಿಬಾಯಿ ಎತ್ತಿದಾಗ ಮಾತ್ರ ಬಾಯಿ ಬಿಟ್ಟ.

"ವಿಷ ಕುಡಿಯೋ ಕೆಲ್ಸ ಶಿವ ಆಗಲೇ ಮಾಡಿ ಮುಗಿಸ್ಯಾನ. ನಿನಗ್ಯಾರು ಹೇಳ್ಯಾರ ಮತ್ತ ಕುಡಿ ಅಂತ?" ಎಂದ.

ವರದಿ ಬಂತು. ಸೀಸ ಇರಬಾರದಷ್ಟು ಇತ್ತು. ಇನ್ನಷ್ಟು ದಿನ ಹೋಗಿದ್ದರೆ ನರಗಳಿಗೆ ಇಳಿದು ಕೈಯೇ ಸ್ವಾಧೀನ ತಪ್ಪುತ್ತಿತ್ತು, ಮೂತ್ರಪಿಂಡ ಕೆಡುತ್ತಿತ್ತು ಎಂದು ಲಾತೂರಿನ ಡಾಕ್ಟರು ಹೇಳಿದರು. ಭಾಗೀರಥಿಬಾಯಿಯನ್ನು ದವಾಖಾನೆಯಲ್ಲಿ ಇಟ್ಟುಕೊಂಡು, ಒಳಗಿನ ಸೀಸವನ್ನು ಹಿಡಿದು ಹೊರಹಾಕುವ ಔಷಧ ಶುರು ಮಾಡಿದರು. ಸ್ನೇಹಲ ಪಕ್ಕ ಬಿಟ್ಟು ಕದಲಲಿಲ್ಲ. ಅತ್ತೆಗೆ ತಲೆ ಬಾಚುವುದು, ಅಂಬಲಿ ಕುಡಿಸುವುದು, ಪಕ್ಕದ ಹಾಸಿಗೆಯವರ ಕಥೆ ಕೇಳುವುದು ಎಲ್ಲವೂ ಅವಳ ಪಾಲಿಗೆ. ತಾಯಿ ಹೋದಾಗಿನಿಂದ ತನ್ನ ತಲೆಗೆ ಬೇರೊಬ್ಬರು ಬಾಚಣಿಗೆ ಇಟ್ಟದ್ದೇ ಇಲ್ಲವೆಂದು ಭಾಗೀರಥಿಬಾಯಿಗೆ ನೆನಪಾಗುತ್ತಿತ್ತು. ಬಾಚಿ ಮುಗಿದ ಮೇಲೂ "ಇನ್ನಾ ಜರಾ ಸಿಕ್ಕು ಅದ ನೋಡು" ಎಂದು ಸುಳ್ಳು ಹೇಳಿ ಕೂತಿರುತ್ತಿದ್ದಳು.

ಒಂದು ಮುಂಜಾನೆ ಸ್ನೇಹಲಳ ಮೊಬೈಲಿಗೆ ಪುಣೆಯಿಂದ ಚಿತ್ರಗಳು ಬಂದವು. ಅವಳು ಕುರ್ಚಿಯಿಂದ ಎದ್ದೇ ನಿಂತಳು.

"ಅತ್ತಿ, ನೋಡ್ರಿ. ಜೀವಕೋಶದ ಒಳಗ ಹೋಗಿ ಬೆಳಗ್ಯಾವ."

ಕಪ್ಪು ಹಿನ್ನೆಲೆಯ ಮೇಲೆ ದುಂಡುದುಂಡಗಿನ, ಅಂಚು ಸೊಟ್ಟಗಿನ ನೀಲಿ ಆಕಾರಗಳು ಗುಂಪಾಗಿದ್ದವು, ಕಾವಲಿಯ ಮೇಲೆ ಹೊಯ್ದ ದೋಸೆಗಳಂತೆ. ನಡುವೆ ಒಂದೊಂದು ಕಪ್ಪು ಬೊಟ್ಟು.

"ಇವು ಸತ್ತಾವೇನು?"

"ಇಲ್ರೀ, ಜೀವಂತ ಅವ. ಅದೇ ಮುಖ್ಯ. ನಮ್ಮ ಕಣ ಒಳಗ ಹೋದ್ರೂ ಅವು ಸಾಯಂಗಿಲ್ಲ. ಒಳಗ ಏನು ನಡದದ ಅಂತ ಕೊಲ್ಲದೇ ನೋಡಬಹುದು. ಮುಂದ ಯಾರರ ಇದರ ಮ್ಯಾಲ ಕೆಲ್ಸ ಮಾಡಿದ್ರ ರೋಗ ಹಿಡೀಲಿಕ್ಕಿ ಉಪಯೋಗ ಆಗ್ತದ."

ಭಾಗೀರಥಿಬಾಯಿ ಮೊಬೈಲನ್ನು ಹತ್ತಿರ ಹಿಡಿದು ಬಹಳ ಹೊತ್ತು ನೋಡಿದಳು. "ನನ್ನ ಮೈಯಾಗೂ ಹಿಂಥಾವೇ ಅವೇನು?"

"ಹೌದ್ರಿ. ಎಣಿಸ್ಲಿಕ್ಕಿ ಆಗದಷ್ಟು."

"ಅಷ್ಟರಾಗೂ ಆ ಸೀಸ ಹೊಕ್ಕಿತ್ತು?"

"ಹೊಕ್ಕಿತ್ತು. ಈಗ ಹೊರಗ ಬರ್ಲಿಕತ್ತದ."

ಭಾಗೀರಥಿಬಾಯಿ ಸೊಸೆಯ ಕೈ ಹಿಡಿದು ಪಕ್ಕಕ್ಕೆ ಕೂಡಿಸಿಕೊಂಡಳು. "ನಮ್ಮ ಅವ್ವ ನನ್ನ ನಿಲಂಗಾಕ್ಕ ಕಳಿಸಿ ಒಮ್ಮಿ ಉಳಿಸಿದಳು. ನೀ ಎರಡನೇ ಸಲ ಉಳಿಸೀದಿ. ಇದನ್ನ ನಾ ಹೊಟ್ಟ್ಯಾಗ ಇಟ್ಕೊಂಡು ಕೂಡೂಕಿಲ್ಲ, ಬಾಯಿಬಿಟ್ಟು ಹೇಳ್ತೀನಿ. ನೀ ನಮ್ಮ ಮನಿಗಿ ಬಂದದ್ದು ನನ್ನ ಪುಣ್ಯ" ಎಂದಳು. ಸ್ನೇಹಲ ಅತ್ತೆಯ ಹೆಗಲಿಗೆ ಹಣೆ ಹಚ್ಚಿದಳು.

ಮನೆಗೆ ಬರುವ ಹೊತ್ತಿಗೆ ರೊಟ್ಟಿ ಬಡಿಯುವಷ್ಟು ಕೈ ಗಟ್ಟಿಯಾಗಿತ್ತು. ಸಿಟ್ಟು ಮಾತ್ರ ಅರ್ಧ ಉಳಿಯಿತು. ಅದು ಸೀಸದ್ದಲ್ಲ, ಹುಟ್ಟಿನದು ಎಂದು ಮಹಾದೇವಪ್ಪ ಹೇಳಿಕೊಂಡು ತಿರುಗಿದ. ಇನ್ನೊಂದು ಕಡೆ, ಜನ ಕುಡಿಯುವ ಪದಾರ್ಥದಲ್ಲಿ ಸೀಸ ಹಿಡಿದು ತೋರಿಸಿ ಎಂದಿದ್ದ ವೀರಭದ್ರ ಸರ್ ಈಗ ಚರಿಗೆಯ ಮಜ್ಜಿಗೆಯ ಅಧ್ಯಾಯವನ್ನೇ ಮೊದಲು ಬರೆಯಲು ಹೇಳಿದರು. ಅದನ್ನು ಕೇಳಿ ಭಾಗೀರಥಿಬಾಯಿ ಗಂಡನ ಮುಂದೆ ಎದೆಯುಬ್ಬಿಸಿ, "ಹರಕಿ ಫಲಿಸ್ತೋ ಇಲ್ಲೋ?" ಎಂದಳು. ಆತ ಕೈಮುಗಿದ, ದೇವರಿಗೋ ಹೆಂಡತಿಗೋ ತಿಳಿಯಲಿಲ್ಲ.

ಆದರೆ ಆಕೆಗೆ ನಿದ್ದೆ ಬರಲಿಲ್ಲ. ಆ ಮುದುಕ ಬೆಸೆದದ್ದು ತನ್ನದೊಂದೇ ಪಾತ್ರೆಯಲ್ಲ. ಸಾಸ್ತೂರದ ಎಷ್ಟು ಮನೆಗಳಲ್ಲಿ, ಎಷ್ಟು ಅಟ್ಟಗಳ ಮೇಲೆ, ಸತ್ತವರ ಪಾತ್ರೆಗಳು ಕೂತಿವೆಯೋ. ಸೊಸೆಯನ್ನು ಕರೆದು ಒಂದೇ ಮಾತು ಹೇಳಿದಳು: "ಸ್ನೇಹಲ, ನಿನ್ನ ಕಷಾಯ ತಗೊ. ನನ್ನ ಊರಿಗಿ ಹೋಗೂಣು."

ನಿಲಂಗದಲ್ಲಿ ಬಸ್ಸು ಬದಲಿಸಿ ಇಬ್ಬರೂ ಸಾಸ್ತೂರಕ್ಕೆ ಹೋದರು. ಭೂಕಂಪದ ಮೇಲೆ ಕಟ್ಟಿಕೊಂಡ ಹೊಸ ಊರಿನ ಸಮಾಜಮಂದಿರದ ಕೋಣೆಗೆ ಕಂಬಳಿ ಕಟ್ಟಿ ಕತ್ತಲೆ ಮಾಡಿದರು. ಭಾಗೀರಥಿಬಾಯಿ ಮನೆಮನೆಗೆ ಹೋಗಿ ತನ್ನ ಕಥೆ ಹೇಳಿದಳು. ಮೊದಲ ದಿನ ಒಬ್ಬರೂ ಪಾತ್ರೆ ತರಲಿಲ್ಲ. ತಂದರೆ ಕಸಿದುಕೊಂಡಾರು ಎಂಬ ಭಯ. ಆಕೆಗೆ ಆ ಭಯ ಚೆನ್ನಾಗಿ ಗೊತ್ತಿತ್ತು, ಆದ್ದರಿಂದ ಬೈಯಲಿಲ್ಲ. ಎರಡನೆಯ ದಿನ ಮತ್ತೆ ಹೋದಳು. ಆಗ ಒಬ್ಬೊಬ್ಬರೇ ಸೆರಗಿನಡಿ ಇಟ್ಟುಕೊಂಡು ಬಂದರು. ಬಂದ ಪಾತ್ರೆಗಳಿಗೆಲ್ಲ ಮುಂಜಾನೆಯೇ ಹುಳಿ ಮಜ್ಜಿಗೆ ಹಾಕಿಟ್ಟು, ಮಧ್ಯಾಹ್ನ ತಿಳಿ ಬಸಿದು ನೋಡಿದರು. ಕೆಲವು ಹೊಳೆದವು, ಕೆಲವು ಕಪ್ಪಗಾದವು. ಕಪ್ಪಗಾದ ಒಂದು ಬೋಗುಣಿಯಲ್ಲಿ ಒಂದು ಮನೆಯವರು ದಿನಾ ಹುಣಸೆಸಾರು ಕಾಯಿಸುತ್ತಿದ್ದರು. ಆ ಮನೆಯ ಮಕ್ಕಳ ರಕ್ತ ಪರೀಕ್ಷೆಗೆ ಯಾರ ಹತ್ತಿರ ಹೋಗಬೇಕೆಂದು ಸ್ನೇಹಲ ಅಲ್ಲೇ ಕೂತು ಫೋನಿನಲ್ಲಿ ಗೊತ್ತುಮಾಡಿಕೊಟ್ಟಳು.

ಮಾಳಮ್ಮ ಎಂಬ ಮುದುಕಿ ಮಾತ್ರ ಬಾಗಿಲ ಹತ್ತಿರವೇ ನಿಂತಿದ್ದಳು. ಆಕೆಯ ತೊಡೆಯೆತ್ತರದ ಮಗಳು ಭೂಕಂಪದಂದು ಮಣ್ಣಿನಡಿ ಹೋದವಳು. ಆ ಹುಡುಗಿ ಹಾಲು ಕುಡಿಯುತ್ತಿದ್ದ ಸಣ್ಣ ಬಟ್ಟಲು ಮಾಳಮ್ಮನ ಎರಡೂ ಅಂಗೈಗಳ ನಡುವೆ ಇತ್ತು, ತಳದಲ್ಲಿ ಅದೇ ಮುದುಕನ ಬೆಸುಗೆ. ಬೆಳಿಗ್ಗೆ ಮಜ್ಜಿಗೆಯನ್ನು ತನ್ನ ಕೈಯಿಂದಲೇ ಹಾಕಿಕೊಂಡು, ಬಟ್ಟಲನ್ನು ಕೆಳಗಿಡದೆ ಮಧ್ಯಾಹ್ನದವರೆಗೆ ಹಿಡಿದೇ ಇದ್ದಳು.

"ಇದರಾಗ ನಾ ದಿನಾ ಚಾ ಕುಡೀತೀನಿ. ಇದು ಆರಿತು ಅಂದ್ರ ನಾ ಏನು ಮಾಡ್ಲಿ, ಭಾಗೀರಥಿ?"

"ಗೊತ್ತಿಲ್ಲವ್ವಾ" ಎಂದಳು ಭಾಗೀರಥಿಬಾಯಿ. "ನೋಡೂಣು ಬಾ. ನಾ ನಿನ್ನ ಬಾಜೂ ಕೂಡ್ತೀನಿ."

ಇಬ್ಬರೂ ಕಂಬಳಿಯ ಹಿಂದೆ ಹೋಗಿ ಕೂತರು. ಮಾಳಮ್ಮ ಬಟ್ಟಲು ಬಿಡಲಿಲ್ಲವಾದ್ದರಿಂದ ಸ್ನೇಹಲ ಅವಳ ಕೈಯಲ್ಲಿದ್ದಂತೆಯೇ ತಿಳಿ ಹೀರಿಕೊಂಡು ಕೊಳವೆಗೆ ಬಿಟ್ಟಳು. ಹನಿ ಹಾಕಿದಳು. ಭಾಗೀರಥಿಬಾಯಿ ಮಾಳಮ್ಮನಿಗೆ ಇನ್ನಷ್ಟು ಹತ್ತಿರ ಸರಿದಳು. ತನ್ನದನ್ನು ನೋಡುವಾಗಲೂ ಆಕೆ ಇಷ್ಟು ಹೆದರಿರಲಿಲ್ಲ.

ಬ್ಯಾಟರಿ ಹತ್ತಿತು. ಕೊಳವೆ ನೀಲಿಯಾಗಿ ಹೊಳೆಯಿತು. ಸ್ನೇಹಲ ಮತ್ತೊಮ್ಮೆ ಮಾಡಿದಳು. ಮತ್ತೂ ಹೊಳೆಯಿತು. ಯಾವ ಪಾತ್ರೆಗೆ ಯಾವ ಲೋಹ ಬಿತ್ತೋ ಆ ಮುದುಕನಿಗೂ ಗೊತ್ತಿರಲಿಕ್ಕಿಲ್ಲ, ಈ ಬಟ್ಟಲಿಗೆ ಒಳ್ಳೆಯದು ಬಿದ್ದಿತ್ತು.

"ಇದರಾಗ ಸೀಸ ಇಲ್ಲ, ಆಯಿ. ನೀವು ಇಟ್ಕೋಬಹುದು" ಎಂದಳು ಸ್ನೇಹಲ.

ಮಾಳಮ್ಮ ಬಟ್ಟಲನ್ನು ಎದೆಗೆ ಒತ್ತಿಕೊಂಡು ಬಿಕ್ಕಿದಳು. ಭಾಗೀರಥಿಬಾಯಿಯೂ ಅತ್ತಳು. ಆಕೆಯ ಅಳುವಿನಲ್ಲಿ ಹೊಟ್ಟೆಕಿಚ್ಚಿನ ಒಂದು ಹನಿಯೂ ಇರಲಿಲ್ಲ, ಅದು ಆಕೆಗೇ ಆಶ್ಚರ್ಯ. ಯಾರದೋ ಒಬ್ಬರದು ಉಳಿಯಿತಲ್ಲ ಎಂದು ಮನಸ್ಸು ಹಗುರಾಗಿತ್ತು.

ಮಾಳಮ್ಮ ಕಣ್ಣೊರೆಸಿಕೊಂಡು ಕೇಳಿದಳು, "ನಿಮ್ಮ ಅವ್ವನ ಚರಿಗಿ?"

"ನಂದು ಆರ್ತು, ಮಾಳವ್ವಾ. ಅದು ಆರಿದ್ದಕ್ಕೇ ನಾ ಇವತ್ತ ನಿನ್ನ ಬಾಜೂ ಕುಂತೀನಿ."

ಮಾಳಮ್ಮ ಸ್ನೇಹಲಳ ಕೈಯನ್ನು ಎಳೆದುಕೊಂಡು ತನ್ನ ಎರಡೂ ಕಣ್ಣಿಗೆ ಒತ್ತಿಕೊಂಡಳು. ಹುಡುಗಿ ನಾಚಿಕೊಂಡು ಅತ್ತೆಯ ಕಡೆ ನೋಡಿದಳು. ಭಾಗೀರಥಿಬಾಯಿ ಕಂಬಳಿ ಸರಿಸಿ, ಹೊರಗೆ ಕೂತ ಹೆಂಗಸರಿಗೆ ಮುಂದಿನವರು ಬರಲು ಹೇಳಿದಳು.